ಲೀಗಿನ ಮನೆತನ

“ನಿಮ್ಮ ಲೀಗ್ ಹುಟ್ಟಿ ಎಷ್ಟು ವರ್ಷ ಆತ್ರಿ ಮಾಸ್ತರ?” ಎಂದು ರೋಷನಬಿ ಕೇಳಿದಾಗ ಧರ್ಮರಾಜನ ಬಾಯಿ ತುಂಬ ಚುರುಮುರಿಯ ಸೂಸಲ. ಅದನ್ನು ಹೇಗೋ ನುಂಗಿ, ಮೇಲೆ ನೀರು ಕುಡಿದು, “ಇನ್ನೂ ಹುಟ್ಟಬೇಕ್ರಿ ಅಮ್ಮಾರ. ಬರೋ ತಿಂಗಳು ಹದಿನಾಲ್ಕಕ್ಕ ಉದ್ಘಾಟನಾ ಐತಿ,” ಎಂದ.

“ಅಂದ್ರ ಹುಟ್ಟದ ಕೂಸಿಗೆ ಹೆಣ್ಣು ಕೇಳಾಕ ಬಂದೀರಿ,” ಎಂದಳು ಮುದುಕಿ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗಿಯರಿಗೆ ಆಟ ಕಲಿಸುವ ಧರ್ಮರಾಜ ಇಳಕಲ್ಲಿನ ಈ ಮನೆಗೆ ಬಂದದ್ದು ಹತ್ತು ನಿಮಿಷದ ಕೆಲಸವೆಂದುಕೊಂಡು. ಹೆಣ್ಣುಮಕ್ಕಳಿಗೆ ಪಗಾರ ಕೊಟ್ಟು ದೇಶದ ತುಂಬ ಫುಟ್ಬಾಲ್ ಆಡಿಸುವ ಹೊಸ ಲೀಗೊಂದನ್ನು ಕಟ್ಟುತ್ತಿದ್ದರು. ಎಂಟು ತಂಡ. ಅದರಲ್ಲೊಂದಕ್ಕೆ ಅವನ ಶಿಷ್ಯೆ ರೂಬಿ ಗೋಲ್‌ಕೀಪರ್ ಆಗಿ ಆಯ್ಕೆಯಾಗಿದ್ದಳು. ಸಹಿಯಾದ ಕರಾರಿನ ಫೋಟೋ ಸಂಜೆ ಐದರೊಳಗೆ ಹೋಗಬೇಕು, ತಪ್ಪಿದರೆ ಜಾಗ ಇನ್ನೊಬ್ಬಳ ಪಾಲು. ಈಗಾಗಲೇ ಮೂರೂವರೆ. ರೂಬಿಗೆ ಹತ್ತೊಂಬತ್ತು ತುಂಬಿದೆ, ಕಾನೂನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ “ದಾದಿ ಹ್ಞೂಂ ಅನ್ನೂತನಕ ನಾ ಪೆನ್ನು ಮುಟ್ಟಂಗಿಲ್ಲ,” ಎಂದು ಅವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತುಬಿಟ್ಟಿದ್ದಳು. ಇನ್ನು ದಾದಿಗೋ, ಎಂದರೆ ಅವಳ ಅಜ್ಜಿ ರೋಷನಬಿಗೋ, ಹೆಣ್ಣುಮಗಳನ್ನು ಮನೆಯಿಂದ ಹೊರಗೆ ಕಳಿಸುವ ರೀತಿ ಗೊತ್ತಿದ್ದದ್ದು ಒಂದೇ ಒಂದು. ಅದರ ಪ್ರಕಾರವೇ ವಿಚಾರಣೆ ನಡೆದಿತ್ತು.

“ಮನ್ಯಾಗ ಮಂದಿ ಎಷ್ಟು?”

“ಇಪ್ಪತ್ತೈದು ಹುಡುಗ್ಯಾರ್ರಿ.”

“ಅಷ್ಟೂ ಮಂದಿಗೆ ಅಡಿಗಿ ಯಾರು ಮಾಡ್ತಾರ? ಇಕೀನ?”

“ಅದಕ್ಕ ಬ್ಯಾರೆ ಮಂದಿ ಅದಾರ್ರಿ. ರೂಬಿ ಒಲಿ ಮುಂದ ಹೋಗಂಗಿಲ್ಲ. ಇಕಿ ಚೆಂಡು ಹಿಡಿಯೂದಷ್ಟ. ಹನ್ನೊಂದು ಮಂದ್ಯಾಗ ಚೆಂಡಿಗೆ ಕೈ ಹಚ್ಚೂ ಹಕ್ಕು ಇಕಿಗೊಬ್ಬಾಕಿಗೇ ಐತಿ.”

ಇದು ರೋಷನಬಿಗೆ ಹಿಡಿಸಿತು. “ಅಂದ್ರ ಕೀಲಿಕೈ ಇಕಿ ಸೊಂಟದಾಗ ಇರ್ತೈತಿ.” ಮಗ, ರೂಬಿಯ ಅಪ್ಪ ಮೀರಾಸಾಬ, ಏನೋ ಹೇಳಲು ಹೊರಟ. “ನೀ ಸುಮ್ನ ಕುಂದ್ರು. ನಿನ್ನ ಮದವಿ ಮಾತೂ ನಾನ ಆಡೀನಿ,” ಎಂದಳು. ಅವನು ಕುಳಿತಲ್ಲೇ ಕುಳಿತ.

ಕಾಗದ ಓದುವ ಕೆಲಸ ರೂಬಿಯ ಅಕ್ಕ ಅಲ್ಮಾಸಳದು. ಅವಳು ಇಂಗ್ಲಿಷನ್ನು ಕನ್ನಡ ಮಾಡುತ್ತ ಹೋದಳು. ಗಾಯವಾದರೆ ದವಾಖಾನೆಯ ಖರ್ಚೆಲ್ಲ ತಂಡದ್ದು. ಯಾರೂ ಬೈಯುವಂತಿಲ್ಲ, ಮೈಮೇಲೆ ಕೈ ಮಾಡುವಂತಿಲ್ಲ, ಮಾಡಿದರೆ ದೂರು ಕೇಳಲು ಬೇರೆಯೇ ಸಮಿತಿ. ಪರೀಕ್ಷೆ ಇದ್ದರೆ ರಜೆ. ವರ್ಷಕ್ಕೆ ಎರಡು ಸಲ ತಮ್ಮೂರಿಗೆ ಹೋಗಿಬರಲು ರೈಲಿನ ಟಿಕೆಟ್ಟು.

“ಕರಿಯಾಕ ನಾವು ಯಾರರ ಹೋಗಬೇಕೇನು?”

“ಬ್ಯಾಡ ದಾದಿ. ತಾವ ಕಳಸ್ತಾರಂತ.”

“ಹ್ಞಾಂ, ಮುಂದ ಓದು.”

“ಸರಿಬರದಿದ್ದರೆ, ಮೂವತ್ತು ದಿನ ಮೊದಲು ತಿಳಿಸಿ, ಆಟಗಾರ್ತಿಯು ಬಿಟ್ಟು ಹೋಗಬಹುದು.” ಅಲ್ಮಾಸಳ ದನಿ ತಾನಾಗಿಯೇ ಇಳಿಯಿತು.

ಮುಗಿಯಿತು ಎಂದುಕೊಂಡ ಧರ್ಮರಾಜ. ಸಂಬಂಧದ ಮಾತಾಡಲು ಬಂದವರು ಬಿಡುಗಡೆಯ ಮಾತೆತ್ತಿದಂತಾಗಿತ್ತು.

“ಹಂಗ ಬಿಟ್ಟು ಬಂದಾಕಿನ್ನ ಆಮ್ಯಾಲೆ ಯಾರು ಕೇಳ್ತಾರ್ರಿ?”

“ಸಾಲು ಹಚ್ತಾರ್ರಿ ಅಮ್ಮಾರ. ಬ್ಯಾರೆ ತಂಡದವರು ಇನ್ನೂ ಮರ್ಯಾದಿ ಮಾಡಿ ಕರಕೊಂಡು ಹೋಗ್ತಾರ. ಯಾಕ ಬಿಟ್ಟಿ ಅಂತ ಒಬ್ಬರೂ ಕೇಳಂಗಿಲ್ಲ.”

ರೋಷನಬಿ ಕಾಗದದ ಆ ಸಾಲಿನ ಮೇಲೆ ಅಲ್ಮಾಸಳಿಂದ ಬೆರಳಿಡಿಸಿಕೊಂಡು, ಓದಲು ಬಾರದಿದ್ದರೂ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ಮುದುಕಿ ತಿರುಗಿ ಬಂದದ್ದು ಸಕ್ಕರೆಯ ತಟ್ಟೆ ಹಿಡಿದು. ಎರಡೂ ಕಡೆಯವರ ಬಾಯಿಗೆ ಸಕ್ಕರೆ ಬೀಳದೆ ಯಾವ ಸಂಬಂಧವೂ ಗಟ್ಟಿಯಲ್ಲ. ಮೊಮ್ಮಗಳ ಬಾಯಿಗೆ ಒಂದು ಚಿಟಿಕೆ ಹಾಕಿ, ಬೀಗರ ಪಾಲು ಅಂತ ಧರ್ಮರಾಜನೆದುರು ಒಂದು ಮುಷ್ಟಿಯನ್ನೇ ಚಾಚಿದಳು.

“ನಂಗ ವಲ್ರಿ ಅಮ್ಮಾರ,” ಎಂದ ಅವನು ಹಿಂದೆ ಸರಿದು. “ಶುಗರ್ ಐತಿ. ಮೊನ್ನೆ ಮುನ್ನೂರು ತೋರಿಸೈತಿ.”

ಮುಷ್ಟಿ ಗಾಳಿಯಲ್ಲೇ ನಿಂತಿತು. “ಸಕ್ರಿ ವಲ್ಲೆ ಅಂದ್ರ ನಮ್ಮ ಹುಡುಗಿನ್ನೂ ವಲ್ಲೆ ಅಂದಂಗ. ನಾವೇನೂ ಬೇಜಾರು ಮಾಡ್ಕೊಳ್ಳಂಗಿಲ್ಲ. ಚಾ ಕುಡದು ಹೋಗ್ರಿ.”

ಮೀರಾಸಾಬ ಕೆಮ್ಮಿದ. ರೂಬಿ ಪೆನಾಲ್ಟಿ ಎದುರಿಸುವಾಗಿನಂತೆ ಮೊಣಕಾಲು ಬಗ್ಗಿಸಿ, ಕಣ್ಣು ಮಿಟುಕಿಸದೆ ಮಾಸ್ತರನನ್ನೇ ನೋಡುತ್ತಿದ್ದಳು. ಗಡಿಯಾರ ನಾಲ್ಕೂಕಾಲು. “ನಮ್ಮನ್ಯಾಗ ಯಾರೂ ಹೇಳಬ್ಯಾಡ್ರಿ,” ಎಂದು ಧರ್ಮರಾಜ ಬಾಯಿ ತೆರೆದ.

ಅವನು ಇನ್ನೂ ಅಗಿಯುತ್ತಿರುವಾಗಲೇ ರೂಬಿ ಹದಿನಾರು ಪುಟಕ್ಕೂ ಸಹಿ ಹಾಕಿ ಮುಗಿಸಿದ್ದಳು. ಫೋಟೋ ಹೋಯಿತು. ಅತ್ತಲಿಂದ ಹೆಬ್ಬೆರಳಿನ ಚಿತ್ರವೂ ಬಂತು. ಧರ್ಮರಾಜ ಮೂತಿ ಒರೆಸಿಕೊಂಡು ಕಾಗದಕ್ಕೆ ಕೈ ಚಾಚಿದ. ರೋಷನಬಿ ಕೊಡಲಿಲ್ಲ.

“ಐತವಾರದ ತನಕ ನನ್ನ ಕಡೆ ಇರ್ಲಿ ಮಾಸ್ತರ. ಅವತ್ತು ಅಲ್ಮಾಸನ್ನ ನೋಡಾಕ ಹುನಗುಂದದವರು ಬರಾಕತ್ತಾರ.”

ಹದಿನಾರೂ ಪುಟ ಜೋಡಿಸಿ ದೊಡ್ಡ ಮೊಮ್ಮಗಳ ಕೈಗಿಟ್ಟಳು.

“ಅವರ ಮುಂದ ಹಿಂಗ ಗಟ್ಟಿಯಾಗಿ ಓದು. ಆಟಗಾರ್ತಿ ಅಂತ ಬಂದಲ್ಲೆಲ್ಲಾ ನಿನ್ನ ಹೆಸರು ಹಾಕ್ಕೊಂಡು ಓದು.”