ಕುಂಟದ ಕುದುರೆ

ಕುದುರೆ ಕುಂಟುತ್ತಿದೆ ಎಂದು ಫೋನ್ ಬಂದಿತ್ತು. ಪಶುವೈದ್ಯೆ ಅದರ ಮಂಡಿಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ತಾನು ತಂದಿದ್ದ ಸ್ಕ್ಯಾನಿಂಗ್ ಮಿಷನ್ನಿನಲ್ಲಿ ಎರಡೆರಡು ಸಲ ನೋಡಿದಳು.

“ಲಿಗಮೆಂಟ್ ಹರಿದಿಲ್ಲ. ಊತವೂ ಇಲ್ಲ.”

“ಅದರಲ್ಲಿ ಒಳಗಿರೋದೆಲ್ಲ ಸರಿಯಾಗಿ ಕಾಣುತ್ತಾ?” ಕುದುರೆಯ ಮಾಲೀಕ ಗದರಿದ.

“ಕೂದಲೆಳೆಯಷ್ಟು ಹರಿದಿದ್ರೂ ಕಾಣುತ್ತೆ. ನಿಮ್ಮ ಕುದುರೆ ಕುಂಟೋದೇ ಇಲ್ಲ. ಸುಳ್ಳು ಹೇಳಿ ಯಾಕ್ರೀ ಕರೆಸಿದ್ರಿ? ನನಗೇನು ಬೇರೆ ಕೆಲಸ ಇಲ್ವಾ?”

“ದನಿ ಇಳಿಸಿ ಮಾತಾಡಮ್ಮ. ಇದು ನನ್ನ ಜಾಗ.”

“ದಾರಿ ಬಿಡಿ, ನಾನು ಹೊರಡಬೇಕು.”

ಅವನು ಬಿಡಲಿಲ್ಲ. ಲಾಯದ ಬಾಗಿಲಿಗೆ ಅಗಳಿ ಹಾಕಿ, ಮನೆಯೊಳಕ್ಕೆ ಹೋಗುವ ಬಾಗಿಲು ತೆರೆದ.

“ಮಿಷನ್ನು ಎತ್ಕೊಂಡು ಒಳಗೆ ನಡಿ. ಸೊಸೆಗೆ ಈಗ ಐದು ತಿಂಗಳು. ಮೊದಲಿನವೆರಡೂ ಹೆಣ್ಣು.”