ಖಾಲಿ ತಲೆಬರಹ

ಹಲ್ಲುಜ್ಜುತ್ತಿದ್ದ ಉಪಸಂಪಾದಕಿಗೆ ಥಟ್ಟನೆ ನೆನಪಾಯಿತು: ಮುಖಪುಟದ ತಲೆಬರಹ ಬದಲಿಸಿಯೇ ಇಲ್ಲ. ಊರಿನ ಮೂರು ಕೆರೆ ಮುಚ್ಚಿ ಮಹಡಿ ಎಬ್ಬಿಸಿದ ಕಂಪನಿ ಈಗ ಪತ್ರಿಕೆಯನ್ನೂ ಕೊಂಡಿತ್ತು. ಆ ಸುದ್ದಿಗೆ ಅಳತೆ ನೋಡಲೆಂದು ಸದ್ಯಕ್ಕೆ ಒಂದು ಸಾಲು ಕೂರಿಸಿದ್ದಳು: 'ಕೆರೆ ನುಂಗಿದವನ ಬಾಯಿಗೆ ಪತ್ರಿಕೆ.' ಡೆಸ್ಕಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಆ ನಗುವಿನಲ್ಲೇ ಪುಟ ಅಚ್ಚಿಗೆ ಹೋಗಿತ್ತು.

ಬಾಯಲ್ಲಿ ನೊರೆ ಇಟ್ಟುಕೊಂಡೇ ಬಾಗಿಲಿಗೆ ಓಡಿ ಪತ್ರಿಕೆ ಬಿಡಿಸಿದಳು. ಮುಖಪುಟದಲ್ಲಿ ಹೊಸ ಧಣಿ ಹಲ್ಲು ಕಿರಿಯುತ್ತಿದ್ದ. ಅವನ ತಲೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಎಂಟು ಕಾಲಂ ಅಗಲಕ್ಕೂ ಬಿಳಿ ಜಾಗ.

ಹತ್ತು ಗಂಟೆಗೇ ಹೊಸ ಮ್ಯಾನೇಜರ್ ಕರೆಸಿದ. ಇಪ್ಪತ್ತು ವರ್ಷದ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡೇ ಒಳಗೆ ಹೋದಳು.

"ಇದು ಯಾರ ಕೆಲಸ?"

"ನನ್ನದೇ ತಪ್ಪು ಸರ್."

"ತಪ್ಪೇ? ಬೆಳಿಗ್ಗೆಯಿಂದ ಚೇರ್ಮನ್ನರದ್ದು ಮೂರು ಫೋನು. ಅಕ್ಷರದ ಗಲಾಟೆ ಇಲ್ದೆ ಮುಖ ಎದ್ದು ಕಾಣ್ತಿದೆಯಂತೆ. ಇನ್ಮೇಲೆ ಅವರ ಫೋಟೋ ಬಂದಾಗೆಲ್ಲ ಹೀಗೇ ಇರ್ಲಿ."

ಹೊರಬಂದಾಗ ಹೋದ ಜೀವ ಬಂದಂತಾಗಿತ್ತು. ನೇರ ಕೆಳಗಿನ ಅಚ್ಚಿನ ಮನೆಗೆ ಇಳಿದಳು. ಮುದಿ ಫೋರ್‌ಮನ್ ಹಳೇ ಬಟ್ಟೆಯಲ್ಲಿ ಬೆರಳ ಮಸಿ ಒರೆಸಿಕೊಳ್ಳುತ್ತಿದ್ದ.

"ಬಂದ್ಯೇನಮ್ಮ? ಪ್ಲೇಟ್ ಮೇಲೆ ನಿನ್ ಸಾಲು ನೋಡಿ ನಕ್ಕೂ ನಕ್ಕೂ ಸಾಕಾಯ್ತು. ಆಮೇಲೆ ಮಷಿನ್ ನಿಲ್ಸಿ ಉಜ್ಜಿ ಅಳಿಸ್ದೆ."

"ಬದುಕಿಸಿದ್ರಿ ಅಣ್ಣ. ಆದ್ರೆ ಖಾಲಿ ಯಾಕೆ ಬಿಟ್ರಿ? 'ಸ್ವಾಗತ' ಅಂತಾದ್ರೂ ಹಾಕಿಸ್ಬಹುದಿತ್ತಲ್ಲ?"

"ಅಳಿಸಿದ್ದು ನಿನ್ನ ಹೊಟ್ಟೆಪಾಡಿಗೆ. ಸ್ವಾಗತ ಹೇಳೋಕೆ ನನ್ ಕೈ ಬರ್ಲಿಲ್ಲ."

ಅವಳಿಗೆ ನಗು ಉಕ್ಕಿತು, ಅದರ ಹಿಂದೆಯೇ ಅಳು. ಫೋರ್‌ಮನ್ ಮಸಿಬಟ್ಟೆಯನ್ನೇ ಮುಂದೆ ಹಿಡಿದ. ಅದನ್ನು ಕಂಡು ಮತ್ತೆ ನಕ್ಕಳು.

ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅದೇ ಪತ್ರಿಕೆಯನ್ನು ಮಡಿಲಲ್ಲಿ ಹಾಸಿಕೊಂಡು ಬಟಾಣಿ ಬಿಡಿಸುತ್ತಿದ್ದಳು. ಸಿಪ್ಪೆಗಳ ನಡುವೆ ಧಣಿಯ ಹಲ್ಲು. ಮೇಲಿನ ಬಿಳಿ ಜಾಗದಲ್ಲಿ ಯಾರೋ ನೀಲಿ ಪೆನ್ನಿನಿಂದ ದಪ್ಪಗೆ ಬರೆದಿದ್ದರು: 'ಇದನ್ನೂ ನುಂಗಿದೆಯಾ?'

ಅಭ್ಯಾಸಬಲದಿಂದ ಉಪಸಂಪಾದಕಿಯ ಕೈ ಚೀಲದ ಕೆಂಪು ಪೆನ್ನಿಗೆ ಹೋಯಿತು; ಹೋದ ಹಾಗೇ ಹಿಂದಕ್ಕೂ ಬಂತು. ತಿದ್ದುವಂಥದ್ದೇನೂ ಇರಲಿಲ್ಲ.