ಗುಡಿಸು ಇಲ್ಲದ ಪ್ರತಿ

"ಈ ಹಾಳೆ ಖೋಟಾ," ಎಂದರು ಸಂಪಾದಕರು, ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು. "ಯಾರೋ ಆಮೇಲೆ ಸೇರಿಸಿದ್ದಾರೆ."

ಮೊಮ್ಮಗಳು ತಟ್ಟನೆ ಅಜ್ಜಿಯ ಕಡೆ ನೋಡಿದಳು. ಪುಸ್ತಕ ಅಜ್ಜಿಯದು. ಮೇಜೂ ಅಜ್ಜಿಯದು. ಎದುರಿಗೆ ಕೂತು ಸ್ವೆಟರಿನ ತೋಳು ಹೆಣೆಯುತ್ತಿದ್ದವಳು ಅಜ್ಜಿಯೇ. ಅವಳು ತಲೆ ಎತ್ತಲಿಲ್ಲ.

ಹೆಸರಾಂತ ನಾಟಕಕಾರರೊಬ್ಬರ ಸಮಗ್ರ ನಾಟಕಗಳ ಮೊದಲ ಮುದ್ರಣವನ್ನು ಇದ್ದದ್ದು ಇದ್ದಹಾಗೆ, ಕಲೆ ತಪ್ಪುಗಳ ಸಮೇತ, ಪಡಿಯಚ್ಚಾಗಿ ತರುವ ಕೆಲಸ ಅದು. ಮೊಮ್ಮಗಳಿಗೆ ಸಿಕ್ಕ ಮೊದಲ ಕೆಲಸವೂ ಅದೇ. ಗ್ರಂಥಾಲಯಗಳಲ್ಲಿದ್ದ ಪ್ರತಿಗಳನ್ನೆಲ್ಲ ಹುಳ ತಿಂದು ಜರಡಿ ಮಾಡಿದ್ದವು. "ನಮ್ಮಜ್ಜಿ ಹತ್ತಿರ ಗರಿಗರಿಯಾದ ಪ್ರತಿ ಇದೆ ಸರ್, ಅದನ್ನೇ ಇಟ್ಟುಕೊಳ್ಳೋಣ," ಎಂದು ಎದೆ ತಟ್ಟಿ ಹೇಳಿದವಳು ಅವಳೇ. ಈಗ ಅದು ಖೋಟಾ ಎಂದಾದರೆ ಅವಳ ಕೆಲಸವೂ ಹೋಗುತ್ತದೆ, ಅಜ್ಜಿಯ ಮಾನವೂ.

ತಕರಾರು ಕೊನೆಯ ನಾಟಕದ ಕೊನೆಯ ಪುಟದ್ದು. ನಾಯಕ ಊರು ಬಿಟ್ಟು ಹೊರಟಿದ್ದಾನೆ. ನಾಯಕಿ ಹೊಸ್ತಿಲಲ್ಲಿ ನಿಂತಿದ್ದಾಳೆ. ಕೊನೆಗೆ ಒಂದೇ ಮಾತು: 'ಬಾರೆ.' ತೆರೆ. ಬೇರೆ ಎಲ್ಲ ಪ್ರತಿಗಳಲ್ಲೂ ಆ ಮಾತನ್ನು ಆಡುವವಳು ನಾಯಕಿ. ನಾನು ಬರಲಾರೆ ಎಂದರ್ಥ. ಆ ಒಂದು ಮಾತಿಗೆ ಜನ ತಲೆಮಾರುಗಳಿಂದ ಕರ್ಚೀಫು ಒದ್ದೆ ಮಾಡಿಕೊಂಡಿದ್ದರು. ವಿಮರ್ಶಕರು ಪುಟಗಟ್ಟಲೆ ಬರೆದಿದ್ದರು. ಅಜ್ಜಿಯ ಪ್ರತಿಯಲ್ಲಿ ಮಾತ್ರ 'ನಾಯಕಿ' ಎಂದಿರಬೇಕಾದಲ್ಲಿ 'ನಾಯಕ' ಎಂದಿತ್ತು. ಒಂದು ಗುಡಿಸು ಇಲ್ಲ. ಅಷ್ಟಕ್ಕೇ ಮಾತು ಅವನದಾಗಿ, 'ಬಾ ಹುಡುಗಿ' ಎಂದಾಗಿ, ಸಾವಿನ ಮನೆಯಂಥ ದುರಂತ ಮದುವೆ ಮನೆಯಾಗಿಬಿಟ್ಟಿತ್ತು.

"ಬರೀ ಒಂದು ಗುಡಿಸು ತಾನೆ," ಎಂದಳು ಅಜ್ಜಿ. "ಅದಕ್ಕೆ ಬೆಳಿಗ್ಗೆಯಿಂದ ನನ್ನ ಮನೆಯನ್ನೇ ಗುಡಿಸಿ ಹುಡುಕ್ತಾ ಇದ್ದೀರಲ್ಲ."

"ಅಮ್ಮಾ, ಆ ಗುಡಿಸೇ ನಾಟಕದ ಪ್ರಾಣ. ಅವರಂಥ ಮಹಾನುಭಾವರು..."

"ಅವನಿಗೆ ಕಾಗುಣಿತವೇ ನೆಟ್ಟಗೆ ಬರ್ತಿರಲಿಲ್ಲ."

ಸಂಪಾದಕರು ಬೆಚ್ಚಿದರು. ಅಷ್ಟು ದೊಡ್ಡವರಿಗೆ ಏಕವಚನ. ಮೊಮ್ಮಗಳು ಮಾತು ತೇಲಿಸಲು ನೋಡಿದಳು. "ಅಜ್ಜಿ ಅಚ್ಚುಕೂಟದ ಯಜಮಾನರ ಮಗಳು ಸರ್. ಪುಸ್ತಕ ಅಚ್ಚಾಗಿದ್ದು ಅಲ್ಲೇ. ತಾತ ಅಲ್ಲಿ ಅಕ್ಷರದ ಮೊಳೆ ಜೋಡಿಸ್ತಿದ್ದರು."

ಸಂಪಾದಕರ ಕಣ್ಣು ಕಿರಿದಾಯಿತು. ಮೊಳೆ ಜೋಡಿಸುವ ತಾತ. ಯಜಮಾನರ ಮಗಳು. ಎಲ್ಲ ತಾಳೆಯಾಯಿತು.

"ಹಾಗೆ ಹೇಳಿ. ತಾತ ಇವರಿಗೋಸ್ಕರ ಕದ್ದು ಒಂದು ಹಾಳೆ ಬೇರೆಯಾಗಿ ಒತ್ತಿದ್ದಾರೆ. ಬಾರೆ, ಅಂತ."

ಅಜ್ಜಿ ಹೆಣಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವರಾ? ಅವರಿಗೆ ಅಷ್ಟು ಧೈರ್ಯ ಇದ್ದಿದ್ದರೆ ನಾನೇ ಯಾಕೆ ಹೋಗಿ ಮದುವೆ ಆಗ್ತೀರಾ ಅಂತ ಕೇಳಬೇಕಿತ್ತು?"

ಮೊಮ್ಮಗಳಿಗೆ ನಗು ಬರಲಿಲ್ಲ. ಅವಳು ಗ್ರಂಥಾಲಯದ ಪ್ರತಿಯನ್ನು ಪಕ್ಕಕ್ಕಿಟ್ಟು ದೀಪ ಹತ್ತಿರ ಎಳೆದುಕೊಂಡಳು. ಹಾಳೆ ಅಂಟಿಸಿದ್ದಲ್ಲ, ಹಿಂದಿನ ಪುಟಗಳ ಜೊತೆ ಒಂದೇ ಮಡಿಕೆಯಲ್ಲಿತ್ತು. ಕಾಗದ ಅದೇ, ಮಸಿ ಅದೇ. 'ಬಾ' ಅಕ್ಷರದ ಮೊಳೆಯೂ ಅದೇ. ಎರಡು ಪುಟದಲ್ಲೂ ಅದರ ದೀರ್ಘದ ತುದಿ ಒಂದೇ ಥರ ಸವೆದಿತ್ತು. ಆದರೆ ಗ್ರಂಥಾಲಯದ ಪುಟದಲ್ಲಿ ಅಕ್ಷರದ ಹೊಟ್ಟೆಗೆ ಕೂದಲೆಳೆಯಷ್ಟು ಸೀಳು. ಅಜ್ಜಿಯ ಪುಟದಲ್ಲಿ ಹೊಟ್ಟೆ ನುಣ್ಣಗಿತ್ತು.

"ಸರ್, ಸೀಳಿದ ಮೊಳೆ ಮತ್ತೆ ಕೂಡಿಕೊಳ್ಳುತ್ತಾ?"

"ಅದು ಹೇಗೆ ಕೂಡುತ್ತಮ್ಮ, ಸೀಸ ಅದು."

"ಹಾಗಾದರೆ ಅಜ್ಜಿ ಪುಟ ಮೊದಲು ಅಚ್ಚಾಗಿದ್ದು. ಆಮೇಲೆ ಯಂತ್ರ ನಿಲ್ಲಿಸಿ ಯಾರೋ ಗುಡಿಸು ಹಾಕಿದ್ದಾರೆ. ಉಳಿದ ಪ್ರತಿಗಳೆಲ್ಲ ತಿದ್ದಿದ್ದು."

ಸಂಪಾದಕರು ಭೂತಗನ್ನಡಿ ಕಸಿದುಕೊಂಡು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರ ಮುಖ ಬಹುಮಾನ ಗೆದ್ದ ಹುಡುಗನ ಮುಖದಂತಿತ್ತು.

"ಯಾರೋ ಏನು ಬಂತು, ಅವರೇ, ನಾಟಕಕಾರರು. ಕೊನೇ ಗಳಿಗೆಯಲ್ಲಿ ಅಚ್ಚುಕೂಟಕ್ಕೆ ಓಡಿ ಬಂದು ಸುಖಾಂತವನ್ನ ದುರಂತ ಮಾಡಿದ್ದಾರೆ. ಒಂದೇ ಒಂದು ಗುಡಿಸಿನಿಂದ. ಪ್ರತಿಭೆ ಅಂದರೆ ಇದು ಕಣಮ್ಮ." ಅವರು ಜೇಬೆಲ್ಲ ತಡಕಾಡಿ ಪೆನ್ನು ಹುಡುಕಿದರು. "ಎರಡೂ ಪುಟ ಅಕ್ಕಪಕ್ಕ ಹಾಕೋಣ. ಕಂಡುಹಿಡಿದಿದ್ದು ನೀವು ಅಂತ ಮುನ್ನುಡಿಯಲ್ಲೇ ಬರೀತೀನಿ. ಮುಂದಿನ ಪುಸ್ತಕಕ್ಕೂ ನೀವೇ ಇರಬೇಕು."

ಮೊಮ್ಮಗಳು ನಗುತ್ತ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೇಜಿನ ಆಚೆಯಿಂದಲೇ, ತನಗೆ ತಲೆಕೆಳಗಾಗಿದ್ದ ಪುಟವನ್ನು ಸರಾಗವಾಗಿ ಓದುತ್ತಿದ್ದಳು.

"ಅವನು ಓಡಿ ಬಂದ ಅಂತ ಮಾತ್ರ ಬರೀಬೇಡಿ," ಎಂದಳು. "ಯಂತ್ರ ನಿಲ್ಲಿಸೋ ಹೊತ್ತಿಗೆ ಊರಲ್ಲೇ ಇರಲಿಲ್ಲ ಅವನು. ಕೊನೇ ಪುಟದ ಮೊದಲ ಹಾಳೆ ಯಂತ್ರದಿಂದ ಈಚೆ ಬಂದಿದ್ದೇ ತಡ, ನನ್ನ ಕೈಗಿಟ್ಟು, 'ಕೊನೇ ಮಾತು ಓದು, ಬಂದು ಕೇಳ್ತೀನಿ,' ಅಂತ ನಾಚಿಕೊಂಡು ಬಸ್ಸು ಹತ್ತಿಬಿಟ್ಟ. ಆ ಹಾಳೆಯನ್ನೇ ನನ್ನ ಪ್ರತಿಗೆ ಸೇರಿಸಿ ಹೊಲಿಸಿದೆ."

ಸಂಪಾದಕರ ಪೆನ್ನು ಗಾಳಿಯಲ್ಲೇ ನಿಂತಿತು. "ಮತ್ತೆ ಯಂತ್ರ ನಿಲ್ಲಿಸಿದ್ದು ಯಾರು?"

"ಆ 'ಬಾರೆ' ಅವನು ನನ್ನನ್ನ ಕರೆದಿದ್ದು," ಎಂದಳು ಅಜ್ಜಿ, ಹೆಣಿಗೆ ಕೈಗೆತ್ತಿಕೊಳ್ಳುತ್ತ. "ಉಳಿದ ಪ್ರತಿಗಳಲ್ಲಿರೋದು ನನ್ನ ಉತ್ತರ."